ಕಾಗದದಲ್ಲಿ ಪುಡಿಯಾದ ಡ್ರಮ್ಮು

ನಾನು ಇನ್ನೂರು ಲೀಟರು ಹಿಡಿಯುವ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಗೆ ಇಳಿಬಿಟ್ಟು ಗಾಳಿ ಊದಿದರು; ನಾನು ಉಬ್ಬಿ ನಿಂತೆ. ಮೈ ಆರುವ ಮೊದಲೇ ಕೊರಳ ಕೆಳಗೆ ೪೧೭ ಎಂದು ಒತ್ತಿದರು.

ಧಾರವಾಡದ ಹೊರಗೆ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದಿತ್ತು. ಲೋಹದ ಜಿಡ್ಡು ತೆಗೆಯುವ ದ್ರಾವಣವನ್ನು ನಾನು ಅಲ್ಲಿಗೆ ಹೊತ್ತೊಯ್ಯುತ್ತಿದ್ದೆ. ಮೊದಲೆಲ್ಲ ಖಾಲಿ ಡ್ರಮ್ಮುಗಳನ್ನು ಕಾಂಪೌಂಡಿನ ಮೂಲೆಯಲ್ಲಿ ಗುಡ್ಡೆ ಹಾಕುತ್ತಿದ್ದರಂತೆ. ಖರೀದಿ ವಿಭಾಗಕ್ಕೆ ವೀಣಾ ತಡಕೋಡ ಬಂದ ಮೇಲೆ ಅದು ನಿಂತಿತು. ಖಾಲಿಯಾದ ಡ್ರಮ್ಮು ಅದೇ ಲಾರಿಯಲ್ಲಿ ವಾಪಸು ಹೋಗಬೇಕು, ತೊಳೆದು ಮತ್ತೆ ತುಂಬಿಸಬೇಕು, ಹನ್ನೆರಡು ಸಲ ತಿರುಗಿದ ಮೇಲೆ ಪುಡಿ ಮಾಡಿಸಬೇಕು. ಇದು ಅವಳ ಪದ್ಧತಿ.

ಲಾರಿ ಓಡಿಸುತ್ತಿದ್ದವನು ದಾದಾಪೀರ ನದಾಫ. ಅವನಿಗೆ ಅವಳು ಪ್ರತಿ ಸಲ ಹೇಳುತ್ತಿದ್ದಳು: "ದಾದಾಪೀರಣ್ಣ, ಒಂದು ಡ್ರಮ್ಮೂ ದಾರ್ಯಾಗ ಉಳೀಬಾರ್ದು ನೋಡ್ರಿ."

"ಒಂದೂ ಉಳಿಯಂಗಿಲ್ರಿ ಬಾಯಾರ," ಎನ್ನುತ್ತಿದ್ದ ಅವನು. ಉಳಿಯಲೂ ಇಲ್ಲ. ಕಾಂಪೌಂಡಿನ ಗುಡ್ಡೆ ಕರಗಿತು. ಬೇರೆ ಕಾರ್ಖಾನೆಯವರು ಬಂದು ನೋಡಿ ಬರೆದುಕೊಂಡು ಹೋದರು.

ಒಂದು ಸಂಗತಿ ಮಾತ್ರ ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಎಷ್ಟು ತೊಳೆದರೂ ದ್ರಾವಣ ಪೂರ್ತಿ ಹೋಗುತ್ತಿರಲಿಲ್ಲ. ಅದು ನನ್ನ ಗೋಡೆಯೊಳಗೆ ಇಳಿದು ಕೂತಿತ್ತು. ಬಿಸಿಲಿಗೆ ನಿಂತಾಗ ಸದ್ದಿಲ್ಲದೆ ಹೊರಗೆ ಬರುತ್ತಿತ್ತು.

ಹನ್ನೆರಡನೇ ಸುತ್ತು ಮುಗಿದ ನಲವತ್ತು ಡ್ರಮ್ಮುಗಳನ್ನು ಫಕೀರಪ್ಪ ಕಮಡೊಳ್ಳಿ ಎಂಬವನ ಪುಡಿ ಮಾಡುವ ಶೆಡ್ಡಿಗೆ ಕಳಿಸಿದರು. ಅವನು ನಾಲ್ಕನ್ನು ಯಂತ್ರಕ್ಕೆ ಹಾಕಿ ಫೋಟೊ ತೆಗೆದ. ಉಳಿದ ನಾವು ಮೂವತ್ತಾರು ಶೆಡ್ಡಿನ ಹಿಂದೆ ನಿಂತು ಆ ಸದ್ದು ಕೇಳಿದೆವು. ನಲವತ್ತೂ ಪುಡಿಯಾದವು ಎಂದು ಕಾರ್ಖಾನೆಗೆ ಪ್ರಮಾಣಪತ್ರ ಹೋಯಿತು. ಅಂದಿನಿಂದ ಲೋಕದ ಲೆಕ್ಕದಲ್ಲಿ ನಾನು ಇಲ್ಲ. ಆದರೂ ಇದ್ದೆ. ನನ್ನ ತಲೆ ಕತ್ತರಿಸಿ, ಚೀಟಿ ಕೆರೆದು, ರಸ್ತೆ ಬದಿಯ ಮರದ ಕೆಳಗೆ ಮಾರಾಟಕ್ಕೆ ನಿಲ್ಲಿಸಿದರು.

ನನ್ನನ್ನು ಕೊಂಡವಳು ಸಾವಂತ್ರೆವ್ವ. ಅವಳ ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ಮಗಳು ಶಿವಗಂಗಾ ಹೆರಿಗೆಗೆಂದು ತವರಿಗೆ ಬಂದಿದ್ದಳು, ಆರು ತಿಂಗಳ ಬಸುರಿ. ಇನ್ನೊಂದು ಡ್ರಮ್ಮು ಬೇಕಾಗಿತ್ತು. ನನ್ನನ್ನು ಸೀಗೆಪುಡಿ ಹಾಕಿ ತಿಕ್ಕಿದರು, ಹಿತ್ತಲ ಬಾಗಿಲ ಪಕ್ಕ ಇಟ್ಟು ತುಂಬಿಸಿದರು.

ಸೊಳ್ಳೆಮರಿ ಹುಡುಕುತ್ತ ಆಶಾ ಕಾರ್ಯಕರ್ತೆ ಬಂದಳು. ಓಣಿಯ ಎಲ್ಲ ಮನೆಗಳ ನೀರಿನಲ್ಲೂ ಹುಳ ಸಿಕ್ಕಿದ್ದವು. ನನ್ನೊಳಗೆ ಟಾರ್ಚು ಬಿಟ್ಟು ನೋಡಿದಳು.

"ಒಂದ ಹುಳಾನೂ ಇಲ್ಲಲ್ಲ ಸಾವಂತ್ರೆವ್ವ! ಎಷ್ಟು ಸ್ವಚ್ಛ ಇಟ್ಟೀಯವಾ."

ಸಾವಂತ್ರೆವ್ವ ಹಿಗ್ಗಿದಳು. ನೀರು ಆರನೇ ದಿನಕ್ಕೂ ಗಾಜಿನಂತಿತ್ತು. ಪಾಚಿ ಕಟ್ಟಲಿಲ್ಲ. ಇರುವೆ ನನ್ನ ಬುಡಕ್ಕೆ ಬಂದು ಬಳಸಿಕೊಂಡು ಹೋಗುತ್ತಿತ್ತು. ಗುಬ್ಬಿಯೊಂದು ಅಂಚಿಗೆ ಕೂತು, ತಲೆ ಬಗ್ಗಿಸಿ, ಕುಡಿಯದೆ ಹಾರಿಹೋಯಿತು. ಪಕ್ಕದ ಮನೆಯ ಆಡು ಮೂತಿ ತಂದು ಹಿಂದೆ ಸರಿಯಿತು. ಕೊಡ ಅದ್ದುವಾಗ ಚೆಲ್ಲಿದ ನೀರು ಹರಿದ ಜಾಗದಲ್ಲಿ ಪುದೀನ ಕಪ್ಪಗಾಯಿತು.

"ಅವ್ವಾ, ಈ ನೀರು ಯಾಕೋ ಸಿಹಿ ಹತ್ತತೈತಿ," ಎಂದಳು ಶಿವಗಂಗಾ ಒಂದು ಮಧ್ಯಾಹ್ನ. "ತಲಿ ಗಿರ್ ಅಂತೈತಿ."

"ಬಸುರಾಗ ಹಂಗ ಬೇ. ನೀರು ಭಾಳ ಕುಡಿ."

ಅವಳು ಕುಡಿದಳು. ಬಗ್ಗಿದಾಗ ಅವಳ ಮುಖ ನನ್ನ ನೀರಿನಲ್ಲಿ ಕಾಣುತ್ತಿತ್ತು. ದಿನದಿಂದ ದಿನಕ್ಕೆ ಆ ಮುಖ ಬಿಳಿಚಿಕೊಳ್ಳುತ್ತಿತ್ತು. ಹೇಳಲು ನನಗೆ ಬಾಯಿ ಇರಲಿಲ್ಲ.

ತಂಗಿಯ ಮದುವೆಗೆ ಪರಿಚಯದವರನ್ನು ಕರೆಯಲು ದಾದಾಪೀರ ಆ ಓಣಿಗೆ ಬಂದ. ಸಾವಂತ್ರೆವ್ವ ನನ್ನಿಂದ ತಂಬಿಗೆ ಅದ್ದಿ ನೀರು ಕೊಟ್ಟಳು. ಅವನು ಬಾಯಿಗೆ ಹಿಡಿದವನು ಹಾಗೇ ನಿಂತ. ಐದು ವರ್ಷ ಲಾರಿಯಲ್ಲಿ ಉಸಿರಾಡಿದ ವಾಸನೆ ಅದು.

"ಈ ಡ್ರಮ್ಮು ಎಲ್ಲಿಂದ ತಂದಿ ಅವ್ವಾ?" ಎಂದ. ಕೂತು, ನನ್ನ ಕೊರಳಿನ ಕೆಳಗೆ ಬೆರಳಾಡಿಸಿದ. ತಂಬಿಗೆಯ ನೀರು ಚೆಲ್ಲಿ ವೀಣಾಳಿಗೆ ಫೋನು ಮಾಡಿದ.

ಅವಳು ನೆತ್ತಿಯ ಬಿಸಿಲಿನಲ್ಲೇ ಬಂದಳು. ಅದೇ ವಾರ ಕಾರ್ಖಾನೆಗೆ ಪರಿಸರಸ್ನೇಹಿ ಪೂರೈಕೆಯ ಬಹುಮಾನ ಬಂದಿತ್ತು. ವೇದಿಕೆಯ ಮೇಲೆ ಅದನ್ನು ಇಸಿದುಕೊಂಡವಳು ಅವಳೇ. ನನ್ನ ಸಂಖ್ಯೆಯನ್ನು ಎರಡು ಸಲ ಓದಿದಳು.

"ದಾದಾಪೀರಣ್ಣ, ಈ ಡ್ರಮ್ಮು ಇಲ್ಲ. ಆಷಾಢದಾಗ ಪುಡಿ ಆಗೇದ ಇದು. ಕಾಗದದ ಮ್ಯಾಲ ಸಹಿ ನಂದೇ ಅದ."

 ಅವಳು ತಂಬಿಗೆಯನ್ನೂ ಕೊಡವನ್ನೂ ನನ್ನ ಪಕ್ಕದಿಂದ ಎತ್ತಿ ದೂರ ಇಟ್ಟಳು.

ಶಿವಗಂಗಾಳನ್ನು ಅಂದೇ ದವಾಖಾನೆಗೆ ಕರೆದೊಯ್ದರು. ಡಾಕ್ಟರು ಈಗಲೇ ಏನೂ ಹೇಳಲಾಗದು ಎಂದರಂತೆ. ಕಾರ್ಖಾನೆಯ ಮ್ಯಾನೇಜರು ಮರುದಿನ ನನ್ನನ್ನು ನೋಡಲು ಬಂದ. "ಒಂದು ಡ್ರಮ್ಮಿನ ಸಲುವಾಗಿ ಬಹುಮಾನ ವಾಪಸ್ ಕೊಡೂದೇನ್ರಿ ಮೇಡಂ?" ಎಂದ.

"ಒಂದಲ್ಲ ಸರ್, ಮೂವತ್ತಾರು; ಫಕೀರಪ್ಪನ ಒಪ್ಪಿಕೊಂಡಾನ. ಉಳಿದದ್ದು ಎಲ್ಲೆಲ್ಲಿ ಅದಾವೋ ದೇವರಿಗೇ ಗೊತ್ತು. ನಾನು ಸರ್ಕಾರಕ್ಕ ಬರದು ಕೊಟ್ಟೀನಿ. ಯಂತ್ರದ ಮುಂದ ನಿಂತು ನೋಡಬೇಕಾಗಿತ್ತು, ಫೋಟೊ ನೋಡಿ ಸಹಿ ಹಾಕಿದೆ."

ಬಹುಮಾನ ಹೋಯಿತು. ಫಕೀರಪ್ಪನ ಶೆಡ್ಡಿಗೆ ಬೀಗ ಬಿತ್ತು. ವೀಣಾಳನ್ನು ಬೇರೆ ವಿಭಾಗಕ್ಕೆ ಹಾಕಿದರು. ಅವಳು ಬಿಡುವಿನ ದಿನಗಳಲ್ಲಿ ದಾದಾಪೀರನ ಜೊತೆ ಓಣಿ ಓಣಿ ತಿರುಗಿದಳು. ನನ್ನನ್ನೂ ಸೇರಿಸಿ ಮೂವತ್ತೊಂದು ಸಿಕ್ಕವು. ಶಿವಗಂಗಾಳಿಗೆ ಹೆಣ್ಣುಮಗು ಹುಟ್ಟಿತು. ಅಳಲು ತಡ ಮಾಡಿತಂತೆ, ಆಮೇಲೆ ಅತ್ತಿತಂತೆ. ಮಗುವಿನ ಕಿವಿ ಸರಿಯಾಗಿ ಕೇಳಿಸುತ್ತದೋ ಇಲ್ಲವೋ ಎಂದು ಈಗಲೂ ತಪಾಸಣೆಗೆ ಕರೆದೊಯ್ಯುತ್ತಾರೆ.

ನಾನು ಈಗ ಸರ್ಕಾರಿ ಗೋದಾಮಿನ ಮೂಲೆಯಲ್ಲಿದ್ದೇನೆ, ಮೈಗೆ ಅರಗಿನ ಮುದ್ರೆ. ಮುಪ್ಪು ಬಂದಿದೆ, ಅಂಚು ಸೀಳಿದೆ. ಕೆಟ್ಟವರ ಕೈಗೆ ಸಿಕ್ಕಿದ್ದಕ್ಕಿಂತ, ಒಳ್ಳೆಯವಳೊಬ್ಬಳು ಯಂತ್ರದ ಮುಂದೆ ನಿಲ್ಲದೆ ಕೊನೆಯ ಗಳಿಗೆಯಲ್ಲಿ ಬೆನ್ನು ತಿರುಗಿಸಿದ್ದು ನನ್ನನ್ನು ಹೆಚ್ಚು ಕಾಡುತ್ತದೆ.

ಕಳೆದ ತಿಂಗಳು ಅವರಿಬ್ಬರೂ ಇನ್ನೊಂದು ಡ್ರಮ್ಮನ್ನು ಉರುಳಿಸಿಕೊಂಡು ಬಂದರು. ಅದು ಒಂದು ಅಂಗನವಾಡಿಯ ಅಡುಗೆಕೋಣೆಯಲ್ಲಿತ್ತಂತೆ. ವೀಣಾ ಗೋಡೆಗೆ ಒರಗಿ ಬಹಳ ಹೊತ್ತು ಕೂತಳು.

"ಇನ್ನ ನಾಕು," ಎಂದ ದಾದಾಪೀರ.

"ನಡೀರಿ," ಎಂದು ಅವಳು ಎದ್ದಳು.

ಆ ನಾಲ್ಕು ಎಲ್ಲೋ ನೆರಳಿನಲ್ಲಿ ಕಂಠಮಟ್ಟ ತುಂಬಿ ನಿಂತಿವೆ. ನೀವು ಇದನ್ನು ಓದುತ್ತಿರುವ ಹೊತ್ತಿಗೆ ಯಾರೋ ಮುಚ್ಚಳ ಸರಿಸಿ, ತಂಬಿಗೆ ಅದ್ದುತ್ತಿರಬಹುದು.