ಮೆರಿದಾಕ್ಕೆ ಬಾಡಿಗೆ ಕಾರು

ಮೆರಿದಾದ ಆಸ್ಪತ್ರೆಗೆ ಹೋಗುವುದು ಹೇಗೆ ಎಂಬ ಚರ್ಚೆ ಬರ್ನಡೀನಳ ಅಡುಗೆಮನೆಯಲ್ಲಿ ವಾರಗಟ್ಟಲೆ ನಡೆಯಿತು. ಗಡ್ಡೆ ಬೆಳೆದಿದ್ದು ಅವಳ ಹೊಟ್ಟೆಯಲ್ಲಿ, ಮಾತೆಲ್ಲ ಮಾತ್ರ ಉಳಿದವರದ್ದು. ಅವಳು ಒರಳಿನ ಮುಂದೆ ನಿಂತು ಬಾಳೆಕಾಯಿ ಕುಟ್ಟುತ್ತ, ನಡುನಡುವೆ ಸೊಂಟಕ್ಕೆ ಕೈಕೊಟ್ಟು ಉಸಿರು ಬಿಡುತ್ತ ಕೇಳಿಸಿಕೊಳ್ಳುತ್ತಿದ್ದಳು. ಬೆಲೀಜಿನ ಡಾಂಗ್ರಿಗಾ ಊರಿನ ಡಾಕ್ಟರು ತಮ್ಮ ಕೈಯಲ್ಲಿ ಆಗುವುದಿಲ್ಲ, ಗಡಿ ದಾಟಿ ಮೆಕ್ಸಿಕೊದ ಮೆರಿದಾಕ್ಕೆ ಹೋಗಿ ಎಂದಿದ್ದರು. ಅವಳಾಗಲಿ ಅವಳ ಗಂಡ ಎವಾರಿಸ್ತೊ ಆಗಲಿ ಒಮ್ಮೆಯೂ ಆ ಕಡೆ ಕಾಲಿಟ್ಟವರಲ್ಲ.

ಮಗಳು ಡೆಲ್ಸಿ ರಾಜಧಾನಿ ಬೆಲ್ಮೊಪಾನಿನಲ್ಲಿ ಟೀಚರು. ರಜೆಯ ದಿನ ಬಂದು ಫೋನು ಹಿಡಿದು ಮೇಜಿನ ಮುಂದೆ ಕೂರುತ್ತಿದ್ದಳು.

"ಗಡಿವರೆಗೆ ನಮ್ಮ ಬಸ್ಸು. ಸೇತುವೆ ದಾಟಿದ್ರೆ ಚೆತುಮಾಲ್. ಅಲ್ಲಿಂದ ಮೆರಿದಾಕ್ಕೆ ಒಳ್ಳೇ ಎ.ಸಿ. ಬಸ್ಸಿದೆ ಅಪ್ಪ. ಸೀಟು ಹಿಂದಕ್ಕೆ ವಾಲುತ್ತೆ, ಒಳಗೇ ಟಾಯ್ಲೆಟ್ಟಿದೆ. ಅಮ್ಮ ಮಲಕ್ಕೊಂಡೇ ಹೋಗಬಹುದು."

"ಬಸ್ಸೇನು ಅಂತ ನನಗೆ ಹೇಳಿಕೊಡ್ತೀಯಾ?" ಎಂದು ಎವಾರಿಸ್ತೊ ಗುರುಗುಟ್ಟಿದ. "ಜೀವಮಾನ ಪೂರ್ತಿ ಊರೋರನ್ನೆಲ್ಲ ಹೊತ್ತು ತಿರುಗಿದೀನಿ. ಈಗ ಸ್ವಂತ ಹೆಂಡ್ತೀನ ಇನ್ಯಾವನೋ ಓಡಿಸೋ ಬಸ್ಸಿಗೆ ಹತ್ತಿಸಿ, ಪಕ್ಕದಲ್ಲಿ ಮೂಟೆ ಥರ ಕೂತ್ಕೊಳ್ಳಲಾ? ಬಾಡಿಗೆ ಕಾರು ತಗೊಳ್ಳೋಣ. ಅವಳಿಗೆ ನೋವು ಬಂದಾಗ ನಿಲ್ಲಿಸಬಹುದು."

ಪಕ್ಕದ ಮನೆಯ ಪೌಲಿನೊ ಆಗಾಗ ಮೆಕ್ಸಿಕೊಕ್ಕೆ ಹೋಗಿ ಬಟ್ಟೆಬರೆ ತಂದು ಮಾರುವವನು. ಕಿಟಕಿಯಿಂದಲೇ ತಲೆ ಹಾಕಿ ಹೇಳಿದ: "ಇಲ್ಲಿಂದ ಕಾರು ತಗೊಂಡು ಹೋಗೋಕೆ ಹೋಗ್ಬೇಡ ಮಾರಾಯ. ಗಡೀಲಿ ಕಾಗದಪತ್ರ ಅಂತ ಜೀವ ತಿಂತಾರೆ. ಚೆತುಮಾಲಲ್ಲೇ ಬಾಡಿಗೆಗೆ ಹಿಡಿ. ಆದ್ರೆ ಅಲ್ಲಿ ಹಳ್ಳಿ ಶುರುವಾಗೋದೇ ರಸ್ತೆ ಮೇಲಿನ ಹಂಪಿನಿಂದ, ಮುಗಿಯೋದೂ ಹಂಪಿನಿಂದ. ಬೋರ್ಡೂ ಇರಲ್ಲ, ಬಣ್ಣವೂ ಇರಲ್ಲ. ಕಣ್ಣು ಚುರುಕಾಗಿರಬೇಕು."

"ನಿನ್ನ ಬಾಯಿಗಿಂತ ನನ್ನ ಕಣ್ಣು ಚುರುಕಾಗಿದೆ, ಹೋಗು."

ಎಲ್ಲರೂ ನಕ್ಕರು. ಬರ್ನಡೀನಳೂ ನಕ್ಕಳು. ಬಸ್ಸು ಓಡಿಸುವ ಕೆಲಸ ಬಿಟ್ಟ ಮೇಲೆ ಎವಾರಿಸ್ತೊ ಜಗಲಿಯ ಮೇಲೆ ಕೂತು ಸಮುದ್ರ ನೋಡುವುದನ್ನು ಬಿಟ್ಟರೆ ಬೇರೇನೂ ಮಾಡುತ್ತಿರಲಿಲ್ಲ. ಕಂಪನಿಯವರು ಹುಡುಗರಿಗೆ ಬಸ್ಸು ಕೊಟ್ಟರು ಎಂದಷ್ಟೇ ಹೇಳಿದ್ದ. ಈ ಕಾರಿನ ಮಾತು ಬಂದಾಗಿನಿಂದ ಅವನ ಹಳೆಯ ದನಿ ವಾಪಸು ಬಂದಿತ್ತು. ಗಡ್ಡ ಬೋಳಿಸಿಕೊಳ್ಳುತ್ತಿದ್ದ, ರಸ್ತೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದ.

"ಕಾರೇ ಇರ್ಲಿ ಬಿಡು ಡೆಲ್ಸಿ," ಎಂದಳು ಬರ್ನಡೀನ. ಡೆಲ್ಸಿ ತಾಯಿಯ ಮುಖ ನೋಡಿದಳು. ಮತ್ತೆ ವಾದ ಮಾಡಲಿಲ್ಲ. ಅಮ್ಮ ಕಾಲು ಚಾಚುವಷ್ಟು ದೊಡ್ಡ ಕಾರನ್ನೇ ನೋಡಿ, ಪೂರ್ತಿ ವಿಮೆ ಸೇರಿಸಿ ಕಾದಿರಿಸಿದಳು.

ಚೆತುಮಾಲಿನ ಬಾಡಿಗೆ ಕಾರಿನ ಅಂಗಡಿಯಲ್ಲಿದ್ದ ಹುಡುಗಿ ಕಾರಿನ ಸುತ್ತ ಒಂದು ಸುತ್ತು ಬಂದು, ಹಳೆಯ ಗೀರುಗಳನ್ನೆಲ್ಲ ತೋರಿಸಿ ಸಹಿ ಹಾಕಿಸಿಕೊಂಡಳು. ಎವಾರಿಸ್ತೊ ಬೆಲೀಜಿನ ಲೈಸೆನ್ಸನ್ನು ಪದಕ ತೋರಿಸುವ ಹಾಗೆ ತೋರಿಸಿದ. ಸೀಟು ಸರಿಮಾಡಿಕೊಂಡು, ಕನ್ನಡಿ ಒರೆಸಿ, ಹೆಂಡತಿಯ ಬೆನ್ನ ಹಿಂದೆ ದಿಂಬು ಇಟ್ಟ.

"ಮೇಡಂ, ಎಲ್ಲಿಗೆ ಹೋಗ್ಬೇಕು?"

"ಎಲ್ಲಾದ್ರೂ ಸರಿ, ಮೆತ್ತಗೆ ಓಡಿಸು ಡ್ರೈವರಪ್ಪ."

ಬಕಲಾರ್ ಊರು ದಾಟುವವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ರಸ್ತೆ ಕುರುಚಲು ಕಾಡಿನ ನಡುವೆ ನೆಟ್ಟಗೆ ಹೊರಟಿತು. ಮೊದಲ ಹಳ್ಳಿಯ ಹಂಪಿನ ಮೇಲೆ ಕಾರು ಅದೇ ವೇಗದಲ್ಲಿ ಹಾರಿ ಧೊಪ್ಪೆಂದು ಬಿತ್ತು. ಬರ್ನಡೀನಳಿಗೆ ಹೊಟ್ಟೆಯೊಳಗೆ ಯಾರೋ ಮುಷ್ಟಿ ಹಿಡಿದು ತಿರುಚಿದ ಹಾಗಾಯಿತು. ಬಲಗಡೆ ಬೋರ್ಡು ಇತ್ತು. ಅವಳೇ ನೋಡಿದ್ದಳು.

"ಬೋರ್ಡೇ ಇರ್ಲಿಲ್ಲ ನೋಡು. ಪೌಲಿನೊ ಹೇಳಿದ್ದು ನಿಜ," ಎಂದ ಎವಾರಿಸ್ತೊ.

ಅವಳು ಬೆನ್ನ ಹಿಂದಿನ ದಿಂಬು ಸರಿಮಾಡಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ ಚೀಲದಿಂದ ಮರಗೆಣಸಿನ ರೊಟ್ಟಿ ತೆಗೆದು, ಒಂದು ಚೂರು ಮುರಿದು ಅವನ ಮುಖದ ಹತ್ತಿರ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ. ಅವಳು ಇನ್ನಷ್ಟು ಹತ್ತಿರ ಹಿಡಿದಳು. ಅವನು ರಸ್ತೆ ನೋಡುತ್ತ ಕೇಳಿದ: "ರೊಟ್ಟಿ ತಂದಿದೀಯಲ್ಲ, ಒಂದು ಚೂರು ಕೊಡೇ."

ರೊಟ್ಟಿ ಅವನ ಕೆನ್ನೆಯಿಂದ ಒಂದು ಗೇಣು ದೂರದಲ್ಲಿತ್ತು.

ಬರ್ನಡೀನ ರೊಟ್ಟಿ ಕೆಳಗಿಟ್ಟಳು. "ಎವಾರಿಸ್ತೊ, ಈ ಕಡೆ ಕಣ್ಣು ಕಾಣಲ್ವಾ ನಿನಗೆ?"

ಅವನು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ, "ಬಲಗಣ್ಣು ಹೋಗಿದೆ," ಎಂದ. "ಎಡಗಣ್ಣು ಚೆನ್ನಾಗಿದೆ. ಒಂದೇ ಸಾಕು."

"ಯಾವಾಗಿಂದ?"

"ಬಸ್ಸಿನ ಕೆಲಸ ಬಿಡೋಕ್ಕಿಂತ ಮುಂಚಿಂದ. ಅದಕ್ಕೇ ಬಿಡಿಸಿದ್ದು. ಡಿಪೋ ಗೇಟಿಗೆ ಉಜ್ಜಿಬಿಟ್ಟಿದ್ದೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬಸ್ಸಲ್ಲಿ ಹೋಗ್ತಿದ್ದೆ."

"ಹೂಂ, ಹೋಗ್ತಿದ್ದೆ. ಜೀವಸಹಿತ ಹೋಗ್ತಿದ್ದೆ." ಅವಳು ರಸ್ತೆಯ ಕಡೆ ತಿರುಗಿದಳು. "ಮುಂದಿನ ದೊಡ್ಡ ಊರಲ್ಲಿ ನಿಲ್ಲಿಸು. ಅಲ್ಲಿಂದ ಬಸ್ಸು ಹಿಡಿಯೋಣ."

"ಆಯ್ತು. ಅಲ್ಲಿವರೆಗೆ ನೀನೇ ನನ್ನ ಬಲಗಣ್ಣು. ಹೇಳ್ತಾ ಇರು."

ಆಗಲೇ ಇಳಿಯಬೇಕಿತ್ತು. ನಿಲ್ಲಿಸು ಎಂದು ಕೂಗಬೇಕಿತ್ತು. ಆದರೆ ಸುತ್ತ ಕಾಡು, ಸುಡುವ ಬಿಸಿಲು. ಮಾರನೆಯ ಬೆಳಿಗ್ಗೆ ಡಾಕ್ಟರನ್ನು ನೋಡಬೇಕು. ಕಾರು ಓಡಿಸಲು ಬೇರೆ ಯಾರೂ ಇಲ್ಲ. ಅವಳು ಹೇಳುತ್ತಾ ಹೋದಳು. "ನಾಯಿ. ಹಂಪು. ಸೈಕಲ್ಲು, ಎಡಕ್ಕೆ ತಗೋ. ಮಕ್ಕಳು." ಅವನು ವಿಧೇಯನಾಗಿ ಎಡಕ್ಕೆ ತಗೊಳ್ಳುತ್ತಿದ್ದ, ಬ್ರೇಕು ಒತ್ತುತ್ತಿದ್ದ. ಮದುವೆಯಾದ ಮೇಲೆ ಅವನು ಅವಳ ಮಾತನ್ನು ಇಷ್ಟು ಕೇಳಿದ್ದು ಅದೇ ಮೊದಲು.

ಒಂದು ಹಳ್ಳಿಯ ಅಂಚಿನಲ್ಲಿ ಹೊಟ್ಟೆಯ ನೋವು ಮತ್ತೆ ಮೇಲೆದ್ದಿತು. ಅವಳು ತುಟಿ ಕಚ್ಚಿಕೊಂಡು ಕಣ್ಣು ಮುಚ್ಚಿದಳು. ಸ್ವಲ್ಪವೇ ಹೊತ್ತು.

ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದಾಯಿತು. ಕಣ್ಣು ಬಿಟ್ಟಾಗ ಮುಂದಿನ ಗಾಜಿನ ತುಂಬ ಮೆಕ್ಕೆಜೋಳದ ಕಾಳು.

ಸರಕಿನ ಮೂರು ಚಕ್ರದ ಸೈಕಲ್ಲು ಚರಂಡಿಯಲ್ಲಿ ಬಿದ್ದಿತ್ತು. ಅದರ ಪಕ್ಕದಲ್ಲಿ ಸಣ್ಣ ಮೈಯ ಮುದುಕನೊಬ್ಬ ಕೂತ ಹಾಗೆಯೇ ಬಿದ್ದಿದ್ದ. ಒಂದು ಕಾಲು ಮಡಚಬಾರದ ಕಡೆ ಮಡಚಿಕೊಂಡಿತ್ತು. ಅವನು ಚೆಲ್ಲಿದ ಜೋಳವನ್ನೇ ನೋಡುತ್ತಿದ್ದ. ಎವಾರಿಸ್ತೊ ಸ್ಟೀರಿಂಗು ಬಿಡದೆ ಕೂತೇ ಇದ್ದ. ಬರ್ನಡೀನಳೇ ಇಳಿದು ಹೋಗಿ ಮುದುಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಮನೆಮನೆಯಿಂದ ಜನ ಓಡಿ ಬಂದರು. ಮುದುಕನ ಸೊಸೆ ಕೈಗೆ ಅಂಟಿದ ಹಿಟ್ಟಿನಲ್ಲೇ ಬಂದವಳು ಬರ್ನಡೀನಳ ಭುಜ ಹಿಡಿದು ದೂಡಿದಳು.

"ಮುಟ್ಟಬೇಡ! ಮಾವ ದಿನಾ ಮಿಲ್ಲಿಗೆ ಜೋಳ ಒಯ್ಯೋ ದಾರಿ ಇದು. ಅಂಚಲ್ಲೇ ಹೋಗ್ತಾರೆ. ನಿಮಗೆ ಇಷ್ಟಗಲ ರಸ್ತೆ ಸಾಲದಾಯ್ತಾ?"

ಮುದುಕನ ಹೆಸರು ದೋನ್ ಫಿಲಿಬೆರ್ತೊ ಪೂತ್ ಎಂದು ಗೊತ್ತಾದದ್ದು ಪೋಲೀಸರು ಬಂದ ಮೇಲೆ. ಅವನನ್ನು ಆಂಬುಲೆನ್ಸಿನಲ್ಲಿ ಕಳಿಸಿ, ಗಂಡಹೆಂಡಿರನ್ನು ಠಾಣೆಗೆ ಕರೆದೊಯ್ದರು. ಸ್ಪ್ಯಾನಿಷ್ ಇಬ್ಬರಿಗೂ ಅಷ್ಟಿಷ್ಟು ಬರುತ್ತಿತ್ತು. ಎವಾರಿಸ್ತೊ ಬೆವರು ಒರೆಸಿಕೊಂಡು, "ಅವನೇ ಅಡ್ಡ ಬಂದ ಸ್ವಾಮಿ. ದಿಢೀರಂತ ನುಗ್ಗಿದ," ಎಂದ.

ಅಧಿಕಾರಿ ವಯಸ್ಸಾದವನು. ಮೇಜಿನ ಮೇಲಿದ್ದ ಆಸ್ಪತ್ರೆಯ ಕಾಗದಗಳನ್ನು ನೋಡಿ ಬರ್ನಡೀನಳ ಕಡೆ ತಿರುಗಿದ.

"ನೀವು ಪಕ್ಕದಲ್ಲೇ ಕೂತಿದ್ರಿ ಅಮ್ಮಾ. ಅವನು ಅಡ್ಡ ಬಂದಿದ್ದು ನೋಡಿದ್ರಾ? ಹೂಂ ಅಂದ್ರೆ ಬರಕೊಳ್ತೀನಿ. ಮಿಕ್ಕಿದ್ದು ವಿಮೆಯವರು ನೋಡ್ಕೊಳ್ತಾರೆ. ಸಂಜೆಯೊಳಗೆ ಇಬ್ಬರೂ ಹೊರಡಬಹುದು."

ಹೂಂ ಎನ್ನುವುದು ಬಹಳ ಸುಲಭವಿತ್ತು. ಎವಾರಿಸ್ತೊ ಎಡಗಣ್ಣಿನಿಂದ ಅವಳನ್ನೇ ನೋಡುತ್ತಿದ್ದ. ಅವಳ ಲಂಗದ ಮಡಿಕೆಯಲ್ಲಿ ಜೋಳದ ಕಾಳು ಇನ್ನೂ ಸಿಕ್ಕಿಕೊಂಡಿದ್ದವು.

"ನಾನು ನೋಡ್ಲಿಲ್ಲ. ನೋವಿಗೆ ಕಣ್ಣು ಮುಚ್ಚಿದ್ದೆ," ಎಂದಳು. ಸ್ವಲ್ಪ ತಡೆದು, "ಆದ್ರೆ ನನ್ನ ಗಂಡನಿಗೆ ಬಲಗಣ್ಣು ಕಾಣಲ್ಲ. ಆ ತಾತ ಬಲಗಡೆ ಇದ್ರು," ಎಂದಳು.

ಅಧಿಕಾರಿ ಪೆನ್ನು ಕೆಳಗಿಟ್ಟ.

"ಏನು ಮಾಡಿದೆ ನೀನು?" ಎಂದು ಎವಾರಿಸ್ತೊ ತಮ್ಮ ಗರಿಫುನಾ ಮಾತಿನಲ್ಲಿ ಕೇಳಿದ.

"ಇದ್ದದ್ದು ಹೇಳಿದೆ."

"ನಿನಗೋಸ್ಕರ ಬಂದೆನಲ್ಲೇ ನಾನು!"

"ಗೊತ್ತು," ಎಂದಳು ಅವಳು.

ವಿಮೆಯವರು ಕೈತೊಳೆದುಕೊಂಡರು. ಎವಾರಿಸ್ತೊನನ್ನು ಒಳಗೆ ಹಾಕಿದರು. ಡೆಲ್ಸಿ ಫೋನಿನಲ್ಲಿ ಮೊದಲು ಅತ್ತಳು, ಆಮೇಲೆ ಬೈದಳು, ಕೊನೆಗೆ "ನೀನು ಮಾತ್ರ ಆಸ್ಪತ್ರೆ ತಪ್ಪಿಸಬೇಡ, ಅಪ್ಪನ ವಿಷಯ ನಾನು ನೋಡ್ತೀನಿ" ಎಂದಳು. ಬರ್ನಡೀನ ಹೊರಡುವ ಮೊದಲು ಗಂಡನನ್ನು ನೋಡಲು ಹೋದಳು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಉಳಿದ ರೊಟ್ಟಿಯ ಪೊಟ್ಟಣವನ್ನು ಕಂಬಿಯ ನಡುವೆ ತೂರಿಸಿಟ್ಟು ಬಂದಳು.

ಮೆರಿದಾದ ಬಸ್ಸು ಮಗಳು ಹೇಳಿದ ಹಾಗೆಯೇ ಇತ್ತು. ಸೀಟು ಹಿಂದಕ್ಕೆ ವಾಲುತ್ತಿತ್ತು. ಹಂಪು ಬಂದಾಗಲೆಲ್ಲ ಚಾಲಕ ಎಷ್ಟು ಮೆತ್ತಗೆ ದಾಟಿಸುತ್ತಿದ್ದನೆಂದರೆ, ಆ ಒಳ್ಳೆಯತನಕ್ಕೇ ಅವಳಿಗೆ ಅಳು ಬಂತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, "ಜೊತೆಗೆ ಯಾರು ಬಂದಿದಾರೆ?" ಎಂದು ಕೇಳಿದಳು.

"ಯಾರೂ ಇಲ್ಲ. ನನಗೇ ಹೇಳಿ."

ಗಡ್ಡೆಯನ್ನು ಈಗ ಕತ್ತರಿಸಿ ತೆಗೆಯುವ ಹಾಗಿಲ್ಲ, ಬಹಳ ಕಡೆ ಅಂಟಿಕೊಂಡಿದೆ ಎಂದಳು ಡಾಕ್ಟರು. ಮೂರು ವಾರಕ್ಕೊಮ್ಮೆ ಬಂದು ಔಷಧಿ ಏರಿಸಿಕೊಂಡು ಹೋದರೆ ಸ್ವಲ್ಪ ಕುಗ್ಗಬಹುದು. ಕುಗ್ಗದೆಯೂ ಇರಬಹುದು. ಬರ್ನಡೀನ ತಲೆಯಾಡಿಸಿದಳು. ಅಂಗಳದಲ್ಲಿ ಬೆಂಚಿನ ಮೇಲೆ ಕೂತು, ಮನೆಯಿಂದ ತಂದಿದ್ದ ತೆಂಗಿನಕಾಯಿ ಬನ್ನನ್ನು ತಿನ್ನಲು ನೋಡಿದಳು. ಒಂದು ತುತ್ತು ಕಚ್ಚಿ, ಉಳಿದದ್ದನ್ನು ಮತ್ತೆ ಕಟ್ಟಿಟ್ಟಳು.

ಎವಾರಿಸ್ತೊ ಹೊರಗೆ ಬರಲು ವಾರ ಹಿಡಿಯಿತು. ಡೆಲ್ಸಿ ಸಾಲಸೋಲ ಮಾಡಿ ಮುದುಕನ ಚಿಕಿತ್ಸೆಗೆ ಹಣ ಹೊಂದಿಸಿ ಕಳಿಸಿದ್ದಳು. ಮುದುಕನ ಮನೆಯವರು ರಾಜಿಗೆ ಒಪ್ಪಿ ಸಹಿ ಹಾಕಿದರು. ಮೆರಿದಾದಿಂದ ಹಿಂದಿರುಗಿದ್ದ ಬರ್ನಡೀನ ಗಂಡನನ್ನು ಕರೆದುಕೊಂಡು ಆ ಹಳ್ಳಿಗೆ ಹೋದಳು. ದೋನ್ ಫಿಲಿಬೆರ್ತೊ ತೂಗುಮಂಚದಲ್ಲಿದ್ದ, ಕಾಲಿಗೆ ಸೊಂಟದವರೆಗೆ ಪಟ್ಟಿ. ಎವಾರಿಸ್ತೊ ಟೋಪಿ ತೆಗೆದು ಬಾಗಿಲಲ್ಲಿ ನಿಂತು, "ತಪ್ಪಾಯ್ತು," ಎಂದ. ಮುದುಕ ಒಂದು ಸಲ ಅವನನ್ನು ನೋಡಿ ಕಣ್ಣು ಮುಚ್ಚಿಕೊಂಡ.

"ಇನ್ನು ನಡೆಯಲ್ಲ ಅಂದಿದಾರೆ," ಎಂದಳು ಸೊಸೆ. ಅವಳ ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ. "ನೀರು ಕುಡೀರಿ, ಹೋಗಿ."

ಚೆತುಮಾಲಿನಿಂದ ಸೇತುವೆಯ ಮೇಲೆ ನಡೆದು ಬರುವಾಗ ಎವಾರಿಸ್ತೊ ಎದುರಿನಿಂದ ಬರುವವರಿಗೆಲ್ಲ ಬಲ ಭುಜ ತಾಗಿಸುತ್ತಿದ್ದ. ಬರ್ನಡೀನ ಅವನ ಬಲಕ್ಕೆ ಬಂದು ತೋಳು ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

"ಡಾಕ್ಟರು ಏನಂದ್ರು?" ಎಂದು ಕೇಳಿದ. ವಾರದಲ್ಲಿ ಅವನು ಅವಳನ್ನು ಕೇಳಿದ ಮೊದಲ ಮಾತು.

ಅವಳು ಎಲ್ಲವನ್ನೂ ಹೇಳಿದಳು.

"ಮೂರು ವಾರಕ್ಕೊಮ್ಮೆ," ಎಂದ ಅವನು. "ಹೇಗೆ ಹೋಗ್ತೀಯ?"

"ಬಸ್ಸಲ್ಲಿ."

"ನಾನೂ ಬರ್ತೀನಿ."

"ಬೇಡ. ನಿನ್ನ ನೋಡ್ಕೊಂಡು ಹೋಗೋಷ್ಟು ಶಕ್ತಿ ನನಗಿಲ್ಲ."

ಹಾಗೆ ಹೇಳಬಾರದಿತ್ತು ಎಂದು ಅವಳಿಗೆ ಆ ಕ್ಷಣವೇ ಅನ್ನಿಸಿತು. ಅವನು ತಲೆ ಬಗ್ಗಿಸಿ ನಡೆದ.

ಗಡಿಯಿಂದ ಹೊರಡುವ ಬಸ್ಸಿನ ಚಾಲಕ ಎವಾರಿಸ್ತೊನ ಕೈಕೆಳಗೆ ಕೆಲಸ ಕಲಿತವನು. ಕಂಡೊಡನೆ ಹಲ್ಲು ಬಿಟ್ಟ. "ಏನು ಗುರುಗಳೇ, ಮೆಕ್ಸಿಕೊ ನೋಡ್ಕೊಂಡು ಬಂದ್ರಾ! ಬನ್ನಿ, ಮುಂದಿನ ಸೀಟು ನಿಮಗೇ. ಹೇಗಿತ್ತು?"

"ರಸ್ತೆ ಚೆನ್ನಾಗಿದೆ," ಎಂದ ಎವಾರಿಸ್ತೊ. ಸೀಟುಗಳ ಬೆನ್ನು ತಡವುತ್ತ ಹಿಂದಕ್ಕೆ ಹೋಗಿ, ಕೊನೆಯ ಸಾಲಿನಲ್ಲಿ ಕೂತ.