ಸೊಸೆ ಹಿಡಿದ ತಪ್ಪು

ನನ್ನ ಸೊಸೆ ಸುಮೇಧಾಗೆ ಮದರಾಸಿನ ಅಂಬತ್ತೂರಿನ ಕಂಪನಿಯೊಂದರಲ್ಲಿ ಕೈತುಂಬ ಸಂಬಳ. ಕೆಲಸವೇನೆಂದರೆ ತಪ್ಪು ಹುಡುಕುವುದು. ಇದೇ ಕೆಲಸವನ್ನು ನಾನು ಅಡ್ಯಾರಿನ ಈ ಮನೆಗೆ ಕಾಲಿಟ್ಟಾಗಿನಿಂದ ಬಿಟ್ಟಿಯಾಗಿ ಮಾಡುತ್ತಿದ್ದೇನೆ, "ಜಾನಕಮ್ಮ, ಭೇಷ್!" ಎಂದು ಒಬ್ಬರ ಬಾಯಲ್ಲೂ ಬಂದಿಲ್ಲ.

ಮಗ ರಾಘವೇಂದ್ರನೂ ಅದೇ ಕಂಪನಿಯಲ್ಲಿದ್ದಾನೆ. ಅವನು ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವವನು. ಅದನ್ನು ಹೊರಗೆ ಕೊಡುವ ಮೊದಲು ಟೆಸ್ಟ್ ಮಾಡಿ, ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂದು ರಿಪೋರ್ಟ್ ಬರೆಯುವವಳು ಇವಳು. ಗಂಡ ಕಟ್ಟಿದ್ದನ್ನು ಹೆಂಡತಿ ಕೆಡವಿ ನೋಡುವ ಈ ಏರ್ಪಾಡು ನನಗೆ ಮೊದಲಿನಿಂದಲೂ ಸರಿಬಂದಿರಲಿಲ್ಲ. ಆದರೂ ಇಬ್ಬರೂ ಒಂದೇ ಕಂಪನಿ ಬಸ್ಸು ಹತ್ತಿ ಹೋಗಿ, ಸಂಜೆ ನಗುತ್ತಲೇ ಇಳಿಯುತ್ತಿದ್ದರು.

೨೦೦೩ರಲ್ಲಿ ಒಂದು ಸಂಜೆ ಮಾತ್ರ ಇಬ್ಬರ ಮುಖವೂ ಊದಿಕೊಂಡಿತ್ತು. ಆಸ್ಪತ್ರೆಯೊಂದಕ್ಕೆಂದು ರಾಘವೇಂದ್ರ ದೊಡ್ಡ ಪ್ರೋಗ್ರಾಮ್ ಬರೆದಿದ್ದ. ರೋಗಿಯ ಹೆಸರು ಒತ್ತಿದರೆ ಡಾಕ್ಟರು ಹೇಳಿದ ಔಷಧಿಯೆಲ್ಲ ಚೀಟಿಯಲ್ಲಿ ಅಚ್ಚಾಗಿ ಬರಬೇಕು. ಸೋಮವಾರ ಅದನ್ನು ಆಸ್ಪತ್ರೆಯವರಿಗೆ ಒಪ್ಪಿಸುವುದಿತ್ತು. ಒಪ್ಪಿಸಿದರೆ ಇವನನ್ನು ಟೀಮ್ ಲೀಡರ್ ಮಾಡುವ ಮಾತಿತ್ತು. ಅಷ್ಟರಲ್ಲಿ ಇವಳು ಅದರಲ್ಲಿ ತಪ್ಪಿದೆ ಎಂದಳು. ಇವನು ಮಾಡಿ ನೋಡಿದ, ತಪ್ಪು ಬರಲಿಲ್ಲ, ರಿಪೋರ್ಟನ್ನು ವಾಪಸ್ ಕಳಿಸಿದ. ಇವಳು ಬಿಡುವವಳೇ? ದಿನವೆಲ್ಲ ಅದರ ಹಿಂದೆಯೇ ಬಿದ್ದಿದ್ದಳು.

ಯಜಮಾನರು, ಮೊಮ್ಮಗ ಪುಟ್ಟ ಎಲ್ಲರೂ ಊಟಕ್ಕೆ ಕೂತಾಗ ರಾಘವೇಂದ್ರನೇ ಶುರು ಮಾಡಿದ.

"ನಾಳೆ ಮತ್ತೆ ಅದನ್ನ ಬರೆದು ಕಳಿಸ್ಬೇಡ ಸುಮೇಧಾ. ಮ್ಯಾನೇಜರ್‌ವರೆಗೂ ಹೋಗುತ್ತೆ. ಏನಿದ್ರೂ ಮನೇಲೇ ಹೇಳು, ನಾನೇ ಸರಿ ಮಾಡ್ಬಿಡ್ತೀನಿ. ಸುಮ್ಮಾ ದೊಡ್ಡದು ಮಾಡ್ಬೇಡ."

"ಮನೇಲಿ ಹೇಳಿದ್ದು ಹುಳಿ ಅನ್ನದ ಜೊತೆ ಮುಗಿದುಹೋಗುತ್ತೆ ರೀ. ಬರೆದ್ರೆ, ಇದೇ ತಪ್ಪು ಬೇರೆ ಕಡೇನೂ ಇದೆಯಾ ಅಂತ ನಾಲ್ಕು ಜನ ಹುಡುಕ್ತಾರೆ," ಎಂದಳು ಸುಮೇಧಾ.

ನನಗೆ ಮೈಯೆಲ್ಲ ಉರಿಯಿತು. "ಕಟ್ಟಿಕೊಂಡ ಗಂಡನ ಮರ್ಯಾದೆ ಅಂತ ಒಂದಿದೆ, ಇಲ್ವಾ? ಆಫೀಸಿಗೆಲ್ಲ ಟಾಂಟಾಂ ಹೊಡೀಬೇಕಾ?" ಎಂದು ಸೌಟನ್ನು ಪಾತ್ರೆಗೆ ಕುಕ್ಕಿದೆ.

"ಅತ್ತೆ, ಮೊದಲು ಕೇಳಿ. ಇವರು ಟೆಸ್ಟ್ ಮಾಡೋವಾಗ ಎ, ಬಿ, ಸಿ ಅಂತ ಹೆಸರು ಹಾಕಿದಾರೆ. ನಾನು ನಮ್ಮ ಮನೆಯವರನ್ನೇ ಹಾಕಿದೆ. ಮಾವನವರಿಗೆ ಬಿಪಿ ಮಾತ್ರೆ, ಪುಟ್ಟನಿಗೆ ಕೆಮ್ಮಿನ ಸಿರಪ್. ಪುಟ್ಟನ ಚೀಟೀಲಿ ಮಾವನವರ ಮಾತ್ರೆ ಬಂತು."

ನಾನು ತಿರುಗಿ ಪುಟ್ಟನನ್ನು ನೋಡಿದೆ.

ನಮ್ಮಲ್ಲಿ ಮೊದಲ ಗಂಡುಮಗುವಿಗೆ ತಾತನ ಹೆಸರೇ ಇಡುವುದು. ಮದರಾಸಿನಲ್ಲಿ ಎಲ್ಲರಿಗೂ ಇರುವಂತೆ ನಮಗೂ ಇನಿಷಿಯಲ್ ಎಂದರೆ ಅಪ್ಪನ ಹೆಸರಿನದು. ನನ್ನ ಮಾವನವರು, ಅಂದರೆ ಯಜಮಾನರ ಅಪ್ಪ, ರಾಘವೇಂದ್ರ; ಹಾಗಾಗಿ ಯಜಮಾನರು ಆರ್. ಬದರಿನಾಥ. ಮಗನೂ ರಾಘವೇಂದ್ರ, ಹಾಗಾಗಿ ಮೊಮ್ಮಗನೂ ಆರ್. ಬದರಿನಾಥ. ಮನೆ ವಿಳಾಸವೂ ಒಂದೇ. ಮಾವನ ಹೆಸರು ಹಿಡಿದು ಮಗುವನ್ನು ಗದರಲು ಯಾವ ಸೊಸೆಗೆ ಬಾಯಿ ಬರುತ್ತದೆ? ಪುಟ್ಟ ಎಂದೇ ಕರೆದು ಕರೆದು, ತಾತ ಮೊಮ್ಮಗ ಇಬ್ಬರ ಹೆಸರೂ ಒಂದೇ ಎನ್ನುವುದು ಪ್ರೋಗ್ರಾಮ್ ಬರೆಯುವಾಗ ಹೆತ್ತ ಅಪ್ಪನಿಗೇ ಹೊಳೆದಿರಲಿಲ್ಲ.

"ಒಂದೊಂದೇ ಬದಲಾಯಿಸಿ ನೋಡಿದೆ ಅತ್ತೆ. ಇನಿಷಿಯಲ್ ಬೇರೆ ಮಾಡಿದ್ರೆ ತಪ್ಪು ಬರಲ್ಲ. ಅಡ್ರೆಸ್ ಬೇರೆ ಮಾಡಿದ್ರೂ ಬರಲ್ಲ. ವಯಸ್ಸು ಮಾತ್ರ ಎಷ್ಟು ಹಾಕಿದ್ರೂ ಬರುತ್ತೆ. ಹೆಸರು, ಅಡ್ರೆಸ್ ಎರಡೂ ಒಂದೇ ಇದ್ರೆ ಇಬ್ಬರನ್ನೂ ಒಬ್ಬರೇ ಅಂದ್ಕೊಳ್ಳುತ್ತೆ. ವಯಸ್ಸು ನೋಡೋದೇ ಇಲ್ಲ."

"ಒಬ್ಬನೇ ಎರಡು ಸಲ ಹೆಸರು ಬರೆಸಿದ್ರೆ ಒಂದಾಗಲಿ ಅಂತ ಹಾಗೆ ಮಾಡಿದ್ದೆ," ಎಂದ ರಾಘವೇಂದ್ರ. ದನಿ ಇಳಿದಿತ್ತು.

"ಅಂದ್ರೆ ನನ್ನ ಮಾತ್ರೆ ಪುಟ್ಟನ ಹೊಟ್ಟೆಗಾ?" ಎಂದರು ಯಜಮಾನರು, ಮಜ್ಜಿಗೆಯ ಲೋಟ ಕೆಳಗಿಟ್ಟು. "ಎನಕ್ಕು ಮಾತ್ತಿರೈ ವೇಂಡಾಂ ತಾತಾ," ಎಂದು ಪುಟ್ಟ ಸ್ಕೂಲಿನ ತಮಿಳಿನಲ್ಲಿ ರಾಗ ಎಳೆದ. ಮಾತ್ರೆ ಬೇಡವೇ ಬೇಡವಂತೆ. ಯಾರಿಗೂ ನಗು ಬರಲಿಲ್ಲ.

"ಏನು ಬರೆದಿದೀಯ, ಹೇಳು," ಎಂದೆ ಸುಮೇಧಾಗೆ.

ಕನ್ನಡದಲ್ಲಿ ಬಿಡಿಸಿ ಹೇಳಿದಳು. ಹೀಗೆ ಹೀಗೆ ಮಾಡಿದರೆ ಹೀಗಾಗುತ್ತದೆ, ಆಗಬೇಕಾದದ್ದು ಹೀಗೆ, ಇದರಿಂದ ಮಗುವಿಗೆ ದೊಡ್ಡವರ ಔಷಧಿ ಹೋಗಬಹುದು. ಅಷ್ಟಕ್ಕೆ ನಿಲ್ಲಿಸಿದಳು. ನಾನು ಇನ್ನೂ ಕಾಯುತ್ತಿದ್ದೆ.

"ರಾಘುವಿನ ಹೆಸರೆಲ್ಲಿ?"

"ಅದು ಯಾಕೆ ಅತ್ತೆ? ಕೆಟ್ಟಿರೋದು ಪ್ರೋಗ್ರಾಮ್."

ಮಾಡಿದವರು ಯಾರು ಎನ್ನುವುದನ್ನು ಬಿಟ್ಟು ತಪ್ಪನ್ನು ಹೇಳಬಹುದೆಂದು ನನಗೆ ಗೊತ್ತೇ ಇರಲಿಲ್ಲ. ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ಎದುರಿಗೆ ಕೂತ ಈ ಹುಡುಗಿ ಗಂಡನ ಮರ್ಯಾದೆಯನ್ನೂ ಉಳಿಸಿ, ಯಾರದೋ ಮನೆಯ ಮಗುವನ್ನೂ ಉಳಿಸುತ್ತಿದ್ದಳು. ಅವಳ ಮೇಲೆ ಹೆಮ್ಮೆ ಉಕ್ಕಿತು. ಅವಳ ಎಲೆಗೆ ಇನ್ನಷ್ಟು ತುಪ್ಪ ಸುರಿದೆ.

"ಬೆಳಿಗ್ಗೆ ಹೋದ ತಕ್ಷಣ ಕಳಿಸು. ನಿನ್ನ ಗಂಡ ಏನಾದ್ರೂ ಅಂದ್ರೆ ನಾನಿದೀನಿ," ಎಂದೆ.

ಕಳಿಸಿದಳು. ಹುಡುಕಿದಾಗ ರಕ್ತಪರೀಕ್ಷೆಯ ಕಡೆಯೂ ಅದೇ ತಪ್ಪು ಸಿಕ್ಕಿತು. ಸೋಮವಾರದ ಕೆಲಸ ಮುಂದಕ್ಕೆ ಹೋಯಿತು, ಟೀಮ್ ಲೀಡರ್ ಮಾತೂ ಅಲ್ಲಿಗೇ ನಿಂತಿತು. ರಾಘವೇಂದ್ರ ಕೆಲವು ದಿನ ಬಸ್ಸಿನಲ್ಲಿ ಬೇರೆ ಸೀಟು ನೋಡಿಕೊಂಡ. ಸುಮೇಧಾ ಒಳಗೊಳಗೇ ಸೊರಗಿದಳು, ಆದರೆ ಬರೆದದ್ದಕ್ಕೆ ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ನಾನೇ ಬೈಯುತ್ತಿದ್ದೆ.

ಅವನು ಎಲ್ಲವನ್ನೂ ತಿದ್ದಿ ಬರೆದು ಮುಗಿಸಿದ. ಮನೆಯಲ್ಲಿ ಮತ್ತೆ ಜಗಳ ಬೇಡವೆಂದು ಮ್ಯಾನೇಜರು ಈ ಸಲ ಟೆಸ್ಟ್ ಮಾಡಲು ಬೇರೆಯವರನ್ನು ಹಾಕಲು ಹೊರಟರು. ರಾಘವೇಂದ್ರನೇ ಒಪ್ಪಲಿಲ್ಲ. ಸುಮೇಧಾ ನೋಡಲಿ, ಅವಳು ಸರಿ ಎಂದ ಮೇಲೆ ಆಸ್ಪತ್ರೆಗೆ ಕೊಡೋಣ ಎಂದು ಹಟ ಹಿಡಿದ.

ಆ ವಾರವೇ ಒಂದು ಸಂಜೆ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಿಗೆ ಓಡಿಬಂದ. ಮುಖ ಊರಗಲ ಅರಳಿತ್ತು. ಹಿಂದೆ ಸುಮೇಧಾ ನಗು ತಡೆದುಕೊಂಡು ನಿಂತಿದ್ದಳು.

"ಏನೋ, ಟೀಮ್ ಲೀಡರ್ ಮಾಡಿದ್ರಾ?" ಎಂದೆ.

"ಅದಲ್ಲಮ್ಮ," ಎಂದ. "ಹೊಸದರಲ್ಲೂ ಒಂದು ತಪ್ಪು ಹಿಡಿದುಬಿಟ್ಟಳು, ನಮ್ಮ ಸುಮೇಧಾ!"