ಪಂಪಣ್ಣನ ಮಂಟಪ ಎಷ್ಟು ಹೊಗೆ ಬಿಟ್ಟಿತು?

ರಂಗಂಪೇಟೆಯಲ್ಲಿ ಮದುವೆ ಇದೆಯೆಂದು ತಿಳಿಯಲು ಲಗ್ನಪತ್ರಿಕೆ ಬೇಕಾಗಿರಲಿಲ್ಲ. ಪಂಪಣ್ಣನ ಕಲ್ಯಾಣ ಮಂಟಪದ ಜನರೇಟರ್ ಗುಡುಗಿದರೆ ಸಾಕು, ಅರ್ಧ ಪೇಟೆಗೆ ಗೊತ್ತಾಗುತ್ತಿತ್ತು. ಕರೆಂಟು ಇದ್ದರೂ ಅದು ಓಡಲೇಬೇಕು. ಹಿಂದೊಮ್ಮೆ ಯಾರದೋ ಮದುವೆಯಲ್ಲಿ ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೇ ಕರೆಂಟು ಹೋಗಿ, ಅಪಶಕುನವೆಂದು ಬೀಗರು ಮುಖ ಊದಿಸಿಕೊಂಡಿದ್ದರು. ಅಂದಿನಿಂದ ಬೆಳಿಗ್ಗೆ ಹಚ್ಚಿದ ಜನರೇಟರನ್ನು ಕೊನೆಯ ಪಂಕ್ತಿ ಎದ್ದ ಮೇಲೇ ಆರಿಸುವುದು.

ಪಂಪಣ್ಣ ಒಳ್ಳೆಯ ಮನುಷ್ಯ. ಸ್ವಲ್ಪ ಜಂಬ, ಅಷ್ಟೇ. ಮಂಟಪದ ಹಿಂದೆಯೇ ಅವನ ಮನೆ. ಹೆಂಡತಿ ದೇವಕ್ಕನಿಗೆ ದಮ್ಮಿನ ಕಾಯಿಲೆ. ಜನರೇಟರ್ ಹೊಗೆ ತಾಕಿದರೆ ಉಸಿರು ಕಟ್ಟುತ್ತದೆ. ಅದಕ್ಕೇ ಮದುವೆ ಇದ್ದಾಗಲೆಲ್ಲ ಪಾಪ ಅವಳು ರಾಮಸಮುದ್ರದ ತವರಿಗೆ ಹೋಗಿಬಿಡುತ್ತಿದ್ದಳು. ಈ ಸಲ ಮಾತ್ರ ಮಗಳು ಕಸ್ತೂರಿಯ ಮದುವೆಯೇ ಆ ಮಂಟಪದಲ್ಲಿ ಗೊತ್ತಾಗಿತ್ತು. ಹೆತ್ತವಳು ಅಂದು ಎಲ್ಲಿಗೆ ಹೋಗಬೇಕು?

ಅಷ್ಟರಲ್ಲಿ ಪಂಚಶೀಲಾ ಬಂದಳು. ಕಸ್ತೂರಿಯ ಗೆಳತಿ, ಶಹಾಪುರದ ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಊರಿನ ದೊಡ್ಡ ಕಟ್ಟಡಗಳೆಲ್ಲ ವರ್ಷಕ್ಕೆ ಎಷ್ಟು ಕರೆಂಟು, ಡೀಸೆಲ್, ಗ್ಯಾಸ್ ಬಳಸಿದವು, ಅದರಿಂದ ಎಷ್ಟು ಇಂಗಾಲ ಗಾಳಿಗೆ ಸೇರಿತು ಎಂದು ಬಾಗಿಲಲ್ಲಿ ಬೋರ್ಡು ಹಾಕಬೇಕು ಎಂಬ ಅಭಿಯಾನ ಅವಳದು. ಪಂಪಣ್ಣ ಹುರುಪಿನಿಂದ ತನ್ನ ಮಂಟಪದ ಲೆಕ್ಕವನ್ನು ತಾನೇ ಬರೆದುಕೊಟ್ಟ. ಓದಿದ ಪಂಚಶೀಲಾ ನಕ್ಕುಬಿಟ್ಟಳು.

"ಕಾಕಾ, ಇಷ್ಟ ಡೀಸೆಲ್ ಸುಟ್ಟಿದ್ರ ಸುರಪುರದ ಗುಡ್ಡಾನೂ ಕರ್ರಗ ಆಗ್ತಿತ್ತು. ಖರೇ ಎಷ್ಟ ಹೇಳ್ರಿ."

"ಸ್ವಲ್ಪ ಏರಿಸಿ ಬರದೀನಿ ಯವ್ವಾ. ನಾಕ ಮಂದಿ ಓದೂ ಬೋರ್ಡ್ ಅದು. ಆ ಕಡಿ ಓಣಿ ಮಂಟಪಕ್ಕಿಂತ ನಮ್ಮದು ಕಡಿಮಿ ಬಂದ್ರ ನಮ್ಮ ಇಜ್ಜತ್ ಏನ ಉಳೀತದ?"

ಮದುವೆಯಲ್ಲಿ ಆಯಾರ ಮಾಡಿದವರ, ಅಂದರೆ ಉಡುಗೊರೆ ಕೊಟ್ಟವರ, ಹೆಸರನ್ನೂ ಮೊತ್ತವನ್ನೂ ಮೈಕಿನಲ್ಲಿ ಕೂಗುವ ಸೀಮೆ ನಮ್ಮದು. ಅಂಕಿ ದೊಡ್ಡದಾದಷ್ಟೂ ಮನುಷ್ಯ ದೊಡ್ಡವನು ಎಂದು ಪಂಪಣ್ಣ ತಿಳಿದಿದ್ದರೆ ಅವನ ತಪ್ಪೇನು!

"ಇದು ಆಯಾರ ಅಲ್ರಿ ಕಾಕಾ. ಇದ್ರಾಗ ಏರಿಸಬಾರದು, ಮುಚ್ಚಿಡಲೂಬಾರದು. ಜ್ವರ ಎಷ್ಟದ ಅಂತ ಖರೇ ಗೊತ್ತಾದ್ರ ಡಾಕ್ಟರ್ ಔಷಧ ಕೊಡತಾರ, ಹೌದಿಲ್ಲೋ?"

"ಹೊಗಿ ಗಾಳ್ಯಾಗ ಹೋಗ್ತದ ಬಿಡು. ಅದಕ್ಕೆಂಥಾ ಲೆಕ್ಕ?"

ಒಳಗಿನಿಂದ ದೇವಕ್ಕನ ದನಿ ಬಂತು. "ಗಾಳ್ಯಾಗ ಎಲ್ಲಿ ಹೋಗ್ತದ್ರಿ? ಸೀದಾ ನನ್ನ ಖೋಲಿಗೇ ಬರ್ತದ."

ಪಂಪಣ್ಣ ಎದ್ದು ಕಪಾಟು ತೆರೆದ. ಕರೆಂಟಿನ ಬಿಲ್ಲು, ಡೀಸೆಲ್ ಚೀಟಿ, ಸಿಲಿಂಡರ್ ರಸೀದಿ ಎಲ್ಲ ಹುಡುಕಿ ತಂದು, ಇಬ್ಬರೂ ಕೂತು ಇದ್ದದ್ದನ್ನು ಇದ್ದಂತೆ ಕೂಡಿಸಿದರು. ಡೀಸೆಲ್ಲಿನ ಬಹುಪಾಲು ಕರೆಂಟು ಇದ್ದಾಗಲೇ ಸುಟ್ಟಿದ್ದು.

"ನೋಡ್ರಿ ಕಾಕಾ. ಕಣ್ಣಿಗೆ ಕಾಣೂ ಹೊಗಿ ಅವ್ವನ ಎದಿಗೆ ಬಡೀತದ. ಕಾಣದ ಇಂಗಾಲದ ಅನಿಲ ಮ್ಯಾಲ ಉಳಿದು ಭೂಮಿ ಬಿಸಿ ಮಾಡ್ತದ. ಒಂದ ಲೀಟರ್ ಡೀಸೆಲ್ ಸುಟ್ರ ಎರಡೂವರಿ ಕಿಲೋಕ್ಕಿಂತ ಜಾಸ್ತಿ ಬರ್ತದ. ಕರೆಂಟಿಗೂ ಎಲ್ಲೋ ಕಲ್ಲಿದ್ದಲ ಸುಡ್ತಾರ, ಅದನ್ನೂ ಬರೀಬೇಕು. ಆದ್ರ ಈ ಡೀಸೆಲ್ ಸುಮ್ಮನ ಸುಡಾಕತ್ತೀರಿ."

ಪಂಪಣ್ಣನ ದನಿ ಸಣ್ಣಗಾಯಿತು. "ಅಕ್ಕಿಕಾಳಿಗೇ ಕರೆಂಟ್ ಹೋದ್ರ? ನನ್ನ ಮಗಳ ಮ್ಯಾಲ ಕತ್ತಲ ಬಿದ್ರ?"

ದೇವಕ್ಕ ಹೊರಗೆ ಬಂದು ಅವನ ಪಕ್ಕ ಕೂತಳು. "ಕತ್ತಲಾದ್ರೂ ನಾ ಅಕ್ಕಿಕಾಳ ಹಾಕ್ತೀನ್ರಿ. ಹೊಗಿ ಬಂದ್ರ ನಾನೇ ಇರಂಗಿಲ್ಲ."

ಅವನು ಹೆಂಡತಿಯನ್ನೇ ನೋಡಿದ. ಇಷ್ಟು ವರ್ಷ ಒಂದು ದಿನವೂ ದೂರಿದವಳಲ್ಲ. ಮರುದಿನವೇ ನಿಜವಾದ ಅಂಕಿಗಳ ಬೋರ್ಡು ಬಾಗಿಲಿಗೆ ಏರಿತು, ವೇದಿಕೆಯ ದೀಪಗಳಿಗೆ ಬ್ಯಾಟರಿ ಬಂತು. ಅಲಂಕಾರದ ಪರದೆ ಹೊದ್ದು ಕೂತಿದ್ದ ಕಿಟಕಿಗಳನ್ನೆಲ್ಲ ತೆರೆಸಿದ. ಜನರೇಟರ್ ಮನೆಯಿಂದ ದೂರ ಕಾಂಪೌಂಡಿನ ಮೂಲೆಗೆ ಹೋಯಿತು. ತೀರಾ ಬೇಕಾದರೆ ಮಾತ್ರ ಅದನ್ನು ಹಚ್ಚುವುದು ಎಂದಾಯಿತು.

ಮದುವೆಯ ದಿನ ಕರೆಂಟು ಹೋಗೇ ಹೋಯಿತು, ಅದೂ ಅಕ್ಕಿಕಾಳಿನ ಹೊತ್ತಿಗೆ. ಫ್ಯಾನುಗಳು ನಿಂತವು. ಪಂಪಣ್ಣ ಗಾಬರಿಯಿಂದ ವೇದಿಕೆಯ ಕಡೆ ತಿರುಗಿದ. ಆದರೆ ವೇದಿಕೆಯ ದೀಪ ಆರಲಿಲ್ಲ, ಕಿಟಕಿಗಳಿಂದ ಬಿಸಿಲು ಒಳಗೆಲ್ಲ ಹರಡಿತ್ತು. ಬೀಗರು ವಿಶ್ವಾರಾಧ್ಯ ಅವರು ಬಗ್ಗಿ ಹೇಳಿದರು: "ಭಾಳ ದಿನಕ್ಕ ಮಂತ್ರ ಕಿವಿಗೆ ಬಿತ್ತು ನೋಡ್ರಿ ಪಂಪಣ್ಣೋರ. ಎಲ್ಲಾ ಕಡಿ ಬರೀ ಜನರೇಟರ್ ಸಪ್ಪಳ ಕೇಳಿ ಸಾಕಾಗಿತ್ತು."

ಪಂಪಣ್ಣನಿಗೆ ಅದೂ ಸರಿಯಾಗಿ ಕೇಳಿಸಲಿಲ್ಲ. ಮಗಳ ಪಕ್ಕದಲ್ಲಿ ದೇವಕ್ಕ ನಿಂತಿದ್ದಳು. ಕೆಮ್ಮಿಲ್ಲ, ಏದುಸಿರಿಲ್ಲ. ಎರಡೂ ಕೈ ತುಂಬ ಅಕ್ಕಿಕಾಳು ತೆಗೆದು ಮಗಳ ತಲೆಯ ಮೇಲೆ ಹಾಕಿದಳು. ಆ ದೊಡ್ಡ ಜಂಬದ ಮನುಷ್ಯ ಎಲ್ಲರೆದುರೇ ಗಳಗಳ ಅತ್ತುಬಿಟ್ಟ.

ಕಲ್ಯಾಣ ಮಂಟಪ, ಆಸ್ಪತ್ರೆ, ಹಾಸ್ಟೆಲ್, ಹತ್ತಿ ಮಿಲ್ಲು, ದೊಡ್ಡ ಅಂಗಡಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಅವುಗಳ ಕಮಿಟಿಯಲ್ಲಿ ಕೂರುವ ಹಿರಿಯರೇ, ನಿಮ್ಮ ಕಟ್ಟಡದ ಕರೆಂಟು, ಡೀಸೆಲ್, ಗ್ಯಾಸಿನ ಬಿಲ್ಲುಗಳನ್ನು ಇಂದೇ ಒಟ್ಟುಮಾಡಿ. ಏರಿಸದೆ, ಇಳಿಸದೆ ಬರೆಯಿರಿ. ನಾಲ್ಕು ಜನರಿಗೆ ಕಾಣುವಂತೆ ಬಾಗಿಲಲ್ಲೇ ಹಾಕಿ. ಎಲ್ಲಿ ಸುಮ್ಮನೆ ಸುಡುತ್ತಿದ್ದೀರೋ ಅಲ್ಲಿಂದಲೇ ಕಡಿಮೆ ಮಾಡಲು ಶುರುಮಾಡಿ. ನಿಮ್ಮ ಮನೆಯ ಶುಭಕಾರ್ಯಕ್ಕೆ ನಿಮ್ಮವರು ಯಾರೂ ಊರು ಬಿಟ್ಟು ಹೋಗುವಂತಾಗದಿರಲಿ.